ಔಷಧವು ಗಡ್ಡೆಯನ್ನು ತಲುಪಿತೇ?

ಬೊಮ್ಮನಹಳ್ಳಿಯ ನಮ್ಮ ಮನೆಯಿಂದ ಹೊಸೂರು ರಸ್ತೆಗೆ ಬಂದು ನಗರದ ಕಡೆಗೆ ಹೊರಟರೆ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಅತ್ತಿಬೆಲೆಯ ಕಡೆಗೆ ಹೊರಟರೆ ಬಯೋಕಾನ್ ಸಂಸ್ಥೆ. ಈ ಸಂಸ್ಥೆಯು 2006ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೋಟುಜುಮಾಬ್ ಎಂಬ ಔಷಧವನ್ನೂ, 2014ರಲ್ಲಿ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್‌ನ ದೇಶೀಯ ರೂಪವನ್ನೂ ಮಾರುಕಟ್ಟೆಗೆ ತಂದಿತು. ಇವೆರಡೂ ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು.

ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಅಧ್ಯಾಪಕಿಯೊಬ್ಬರಿಗೆ 2016ರಲ್ಲಿ ಇಂಥದೇ ಔಷಧ ನಡೆಯುತ್ತಿತ್ತು. ನೋಡಲು ಹೋದಾಗ ಅವರು, "ಸಾರ್, ಇಷ್ಟು ಹಣ ಸುರಿದು ಹಾಕಿಸಿಕೊಳ್ಳುವ ಔಷಧ ಗಡ್ಡೆಯವರೆಗೆ ಹೋಗಿದೆ ಎಂದು ತಿಳಿಯುವುದು ಹೇಗೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆ ಹಳೆಯದು. ರೋಗವನ್ನಷ್ಟೇ ಹುಡುಕಿ ಹೊಡೆಯುವ 'ಮಾಯಾ ಗುಂಡಿ'ನ ಕನಸನ್ನು ಕಳೆದ ಶತಮಾನದ ಆರಂಭದಲ್ಲಿಯೇ ಜರ್ಮನಿಯ ಪಾಲ್ ಎರ್ಲಿಕ್ ಕಂಡಿದ್ದರು. ಗುಂಡಿನ ಜಾಡನ್ನು ನೋಡಲು ಮೊದಲು ನೆರವಾದದ್ದು ವಿಕಿರಣಶೀಲ ಅಯೋಡಿನ್. 1946ರಲ್ಲಿ ಅಮೆರಿಕದ ಸೀಡ್ಲಿನ್ ಮತ್ತು ಸಂಗಡಿಗರು, ಥೈರಾಯ್ಡ್ ಕ್ಯಾನ್ಸರ್ ದೇಹದಲ್ಲಿ ಹರಡಿದ್ದ ಎಡೆಗಳಲ್ಲಿ ಅದು ಸೇರಿಕೊಂಡದ್ದನ್ನು ಗೈಗರ್ ಯಂತ್ರದಿಂದ ಗುರುತಿಸಿದ ಸಂಗತಿಯನ್ನು ಪ್ರಕಟಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದರು. 1978ರಲ್ಲಿ ಗೋಲ್ಡನ್‌ಬರ್ಗ್ ತಂಡವು ಅಯೋಡಿನ್ ಕಟ್ಟಿದ ಪ್ರತಿಕಾಯಗಳು ರೋಗಿಗಳ ಗಡ್ಡೆಗಳಲ್ಲಿ ನೆಲೆಸಿದ್ದನ್ನು ಚಿತ್ರದಲ್ಲಿ ತೋರಿಸಿತು.

ಆದರೆ ಗುರಿ ತಿಳಿದ ಮಾತ್ರಕ್ಕೆ ದಾರಿ ಸುಗಮವಲ್ಲ. ಗಡ್ಡೆಯ ರಕ್ತನಾಳಗಳು ಅಂಕುಡೊಂಕು, ಅಲ್ಲಲ್ಲಿ ಸೋರುವಂಥವು. ಒಳಗಿನ ದ್ರವದ ಒತ್ತಡ ಹೆಚ್ಚಿರುವುದರಿಂದ ಔಷಧವು ನಡುವಿನವರೆಗೆ ನುಗ್ಗಲಾರದು. ಇದನ್ನು ವಿವರವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರು ನಮ್ಮ ದೇಶದಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿದ ರಾಕೇಶ್ ಜೈನ್.

ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ ಪೆಟ್ ಸ್ಕ್ಯಾನ್, ಸಕ್ಕರೆಯನ್ನು ಹೋಲುವ ವಸ್ತುವಿನ ಮೂಲಕ ಗಡ್ಡೆಯ ಚಟುವಟಿಕೆಯನ್ನು ತೋರಿಸುತ್ತದೆಯೇ ಹೊರತು ಔಷಧದ ಪಯಣವನ್ನಲ್ಲ. ಅದರಲ್ಲಿ ಬಳಸುವ ಫ್ಲೋರಿನ್-18 ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಪ್ರತಿಕಾಯವಾದರೋ ಗಡ್ಡೆಯಲ್ಲಿ ಸೇರಲು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಆದ್ದರಿಂದ ವಿಜ್ಞಾನಿಗಳು ಸುಮಾರು 78 ಗಂಟೆಗಳ ಅರ್ಧಾಯುಷ್ಯವುಳ್ಳ ಜಿರ್ಕೋನಿಯಂ-89ನ್ನು ಆರಿಸಿಕೊಂಡರು. 2010ರಲ್ಲಿ ನೆದರ್ಲೆಂಡಿನ ತಂಡವು ಅದನ್ನು ಟ್ರಾಸ್ಟುಜುಮಾಬ್‌ಗೆ ಕಟ್ಟಿ 14 ರೋಗಿಗಳಿಗೆ ಕೊಟ್ಟಿತು. ಚುಚ್ಚುಮದ್ದಾದ ನಾಲ್ಕೈದು ದಿನಗಳ ಬಳಿಕ ತೆಗೆದ ಚಿತ್ರಗಳೇ ಅತ್ಯಂತ ಸ್ಪಷ್ಟವಾಗಿದ್ದವು.

2016ರಲ್ಲಿ ಪ್ರಕಟವಾದ ಯುರೋಪಿನ ಮತ್ತೊಂದು ಅಧ್ಯಯನವು ಕಣ್ಣು ತೆರೆಸುವಂಥದು. ಗಡ್ಡೆಯ ಚೂರನ್ನು ಪರೀಕ್ಷಿಸಿದಾಗ ಔಷಧದ ಗುರಿಯಾದ 'ಹರ್-2' ಇದೆಯೆಂದು ಖಚಿತವಾಗಿದ್ದ ರೋಗಿಗಳಲ್ಲಿಯೂ ಶೇಕಡಾ 29ರಷ್ಟು ಮಂದಿಯ ಗಡ್ಡೆಗಳು, ಎಲ್ಲವೂ ಅಥವಾ ಬಹುಪಾಲು, ಚಿತ್ರದಲ್ಲಿ ಬೆಳಗಲೇ ಇಲ್ಲ. ಅಂಥವರಲ್ಲಿ ಹೆಚ್ಚಿನವರಿಗೆ, ಟ್ರಾಸ್ಟುಜುಮಾಬ್‌ಗೆ ವಿಷವಸ್ತುವನ್ನು ಜೋಡಿಸಿ ಮಾಡಿದ ಔಷಧದಿಂದ ಗುಣ ಕಾಣಲಿಲ್ಲ.

ಈ ಬಗೆಯ ಚಿತ್ರಣ ಇಂದಿಗೂ ಬಹುಮಟ್ಟಿಗೆ ಸಂಶೋಧನೆಯ ಸಾಧನವೇ. ಹಾಗಾಗಿ ನನ್ನ ಸಹೋದ್ಯೋಗಿಯೂ ಎಲ್ಲರಂತೆ ಮೂರು ತಿಂಗಳು ಕಾದು, ಗಡ್ಡೆ ಕುಗ್ಗಿತೇ ಎಂದು ನೋಡಬೇಕಾಯಿತು. ಕುಗ್ಗಿರಲಿಲ್ಲ. ಔಷಧ ಬದಲಾಯಿತು, 2018ರಲ್ಲಿ ಅವರು ತೀರಿಕೊಂಡರು. ಅವರ ದೇಹದಲ್ಲಿ ಔಷಧ ಎಲ್ಲಿ ನಿಂತಿತೆಂದು ಯಾರೂ ಹೇಳಲಾರರು. ಗಣಿತದ ಅಧ್ಯಾಪಕಿಯಾಗಿ ಅವರು ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆಯೇ ಆಗಿತ್ತು: ಉತ್ತರಕ್ಕೂ ಮೊದಲು, ನಡುವಿನ ಹಂತಗಳನ್ನು ತೋರಿಸಿ ಎಂದು.