ಪದ್ಮಿನಿಯ ಬ್ರೇಕಿಗೊಂದು ಚರಿತ್ರೆ

ಬಾರಾಮತಿಯಿಂದ ಮೋರಗಾಂವ್, ಜೇಜುರಿ, ಸಾಸವಡದ ಮಾರ್ಗವಾಗಿ ಪುಣೆಗೆ ಹೋಗುವವರು ಕೊನೆಯಲ್ಲಿ ದಿವೆ ಘಾಟ್ ಇಳಿಯಬೇಕು. ವರ್ಗಾವಣೆಯ ಮೇಲೆ ಈ ಊರಿಗೆ ಬಂದ ಮೊದಲ ವರ್ಷ, ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಆ ಘಾಟ್ ಇಳಿಯುತ್ತಿದ್ದಾಗ ಬ್ರೇಕಿನ ಪೆಡಲು ಯಾವ ಎದುರನ್ನೂ ತೋರದೆ ಮೆಲ್ಲನೆ ನೆಲಕ್ಕಿಳಿಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಗೇರನ್ನು ಇಳಿಸಿ, ಕೈಬ್ರೇಕ್ ಎಳೆದು, ಹೇಗೋ ಬೆಟ್ಟದ ಬದಿಗೆ ಕಾರನ್ನು ನಿಲ್ಲಿಸಿದೆವು. ಹಿಂದಿನ ಭಾನುವಾರವಷ್ಟೇ ನಾವೇ ಕುಳಿತು ನಾಲ್ಕು ಚಕ್ರಗಳಿಂದಲೂ ಗಾಳಿ ತೆಗೆದಿದ್ದೆವು. ಅವಮಾನದ ಸಂಗತಿ ಅದು.

ದ್ರವವನ್ನು ಹಿಂಡಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪ್ಯಾಸ್ಕಲ್ ಹದಿನೇಳನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದನಾದರೂ, ಆ ತತ್ತ್ವ ಮೋಟಾರು ಕಾರಿನ ಚಕ್ರವನ್ನು ತಲುಪಲು ಮಾಲ್ಕಮ್ ಲಾಕ್‌ಹೀಡ್ ಬರಬೇಕಾಯಿತು. 1917ರಲ್ಲಿ ಆತ ಪೇಟೆಂಟ್ ಪಡೆದ ಬ್ರೇಕಿನಲ್ಲಿ ದ್ರವವನ್ನು ಹಿಡಿದಿಡುವ ಬಟ್ಟಲುಗಳು ಚರ್ಮದವು, ಒಣಗಿ ಸೋರುತ್ತಿದ್ದವು. ಅವುಗಳ ಜಾಗದಲ್ಲಿ ರಬ್ಬರ್ ಬಟ್ಟಲುಗಳನ್ನು ಇಟ್ಟವರು ಕ್ರೈಸ್ಲರ್ ಸಂಸ್ಥೆಯ ಎಂಜಿನಿಯರುಗಳು. 1924ರ ಕ್ರೈಸ್ಲರ್ ಕಾರು ನಾಲ್ಕೂ ಚಕ್ರಗಳಿಗೆ ದ್ರವದ ಬ್ರೇಕನ್ನು ಹೊತ್ತು ಬಂದಿತು. ಫೋರ್ಡ್ ಮಾತ್ರ 1939ರ ಮಾದರಿ ಬರುವವರೆಗೂ ಸರಳು, ತಂತಿಗಳನ್ನೇ ನೆಚ್ಚಿಕೊಂಡಿದ್ದ. ನಮ್ಮ ಕಥೆಯ ನಾಯಕ ಆ ರಬ್ಬರ್ ಬಟ್ಟಲೇ.

ಅದು ನಮ್ಮ ನೆಲಕ್ಕೆ ಬಂದ ದಾರಿಯಲ್ಲಿ ಕನ್ನಡಿಗರ ಹೆಜ್ಜೆಯೂ ಇದೆ. ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ಕಟ್ಟೆ, ಪುಣೆಯ ಹಿರಿಯರಿಗೆ ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು. ಆದರೆ ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಅವರು ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಸಿಸಿ ಬಂದರು. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಯೋಜನೆ ಮಾಡಿದರು. ಆ ಕನಸಿಗೆ ಹೆಗಲು ಕೊಟ್ಟವರು ಸೋಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು. ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದವರೂ ಇವರೇ. ವಿಮಾನ ಬೇಕೆಂದ ಬ್ರಿಟಿಷ್ ಸರ್ಕಾರ ಕಾರಿನ ಮಾತಿಗೆ ಮಾತ್ರ ಕಿವುಡಾಯಿತು. ಹೀಗಾಗಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾದದ್ದು 1944ರಲ್ಲಿ. ಮುಂಬಯಿಯ ಕುರ್ಲಾದಿಂದ ಕ್ರೈಸ್ಲರ್ ಬಳಗದ ವಾಹನಗಳು ಹೊರಬಿದ್ದದ್ದು 1947ರಲ್ಲಿ. ಆಮೇಲೆ ಇಟಲಿಯ ಫಿಯೆಟ್ ಬಂದಿತು. 1964ರ 1100 ಡಿಲೈಟ್ 1970ರ ದಶಕದಲ್ಲಿ ಪ್ರೆಸಿಡೆಂಟ್ ಆಗಿ, ಮತ್ತೆ ಪದ್ಮಿನಿಯಾಯಿತು. ವಾಲ್‌ಚಂದರ ಹೆಸರಿನ ಸಕ್ಕರೆಯ ಊರು, ವಾಲ್‌ಚಂದ್‌ನಗರ, ಬಾರಾಮತಿಯ ನೆರೆಯ ಇಂದಾಪುರ ತಾಲ್ಲೂಕಿನಲ್ಲಿದೆ. ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಅಲ್ಲಿಗೆ ಹೋದಾಗಲೆಲ್ಲ ನಮ್ಮ ಕಾರು ತವರಿಗೆ ಬಂದಂತೆ ನಮಗೆ ಅನ್ನಿಸುತ್ತಿತ್ತು.

ಇನ್ನು ಆ ಪೆಡಲಿನ ವಿಚಾರ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ವರ್ಗದ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನ ಬಿಸಿಗೆ ಎಣ್ಣೆ ಕುದಿದಿರಬೇಕೆಂದು ನಾವು ತರ್ಕಿಸಿದೆವು. ಆದರೆ ತುಂಬಿದ್ದು ಹೊಸ ಎಣ್ಣೆ. ಪುನಃ ಗಾಳಿ ತೆಗೆದೆವು. ನಿಪ್ಪಲಿನಿಂದ ಒಂದು ಗುಳ್ಳೆಯೂ ಬರಲಿಲ್ಲ, ಪೆಡಲು ಮಾತ್ರ ಇಳಿಯುತ್ತಲೇ ಇತ್ತು.

ಭಿಗವಣ ರಸ್ತೆಯ ಹಿರಿಯ ಮಿಸ್ತ್ರಿಯೊಬ್ಬರು ಬಂದು ಪೆಡಲನ್ನು ಎರಡು ಬಗೆಯಲ್ಲಿ ಒತ್ತಿ ನೋಡಿದರು. ಪಟಪಟನೆ ಒತ್ತಿದಾಗ ಗಟ್ಟಿಯಾಗಿ ನಿಂತರೆ ಗಾಳಿ ಇರಬೇಕು, ಇಲ್ಲವೇ ಡ್ರಮ್ಮಿಗೂ ಲೈನರಿಗೂ ಅಂತರ ಹೆಚ್ಚಿರಬೇಕು. ಒಂದೇ ಸಮನೆ ಒತ್ತಿ ಹಿಡಿದಾಗ ಮೆಲ್ಲನೆ ಕುಸಿದರೆ, ಹೊರಗೆಲ್ಲೂ ಸೋರದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ಬಟ್ಟಲು ಹೋಗಿದೆ ಎಂದೇ ಅರ್ಥ. ನಮ್ಮದು ಎರಡನೆಯದು.

"ಗಾಳಿ ಇಲ್ಲ ಸಾಹೇಬ್, ಕಿಟ್ ಹೋಗಿದೆ. ಗಾಳಿ ತೆಗೆಯುವಾಗ ಪೆಡಲನ್ನು ನೆಲದವರೆಗೆ ಒತ್ತಿದಿರಾ?" ಎಂದು ಮರಾಠಿಯಲ್ಲಿ ಕೇಳಿದರು. ಒತ್ತಿದ್ದೆವು, ಮತ್ತೆ ಹೇಗೆ? ಹಳೆಯ ಸಿಲಿಂಡರಿನಲ್ಲಿ ಬಟ್ಟಲು ವರ್ಷಗಟ್ಟಲೆ ಅರ್ಧ ದಾರಿಯಷ್ಟೇ ಓಡಾಡಿರುತ್ತದೆ. ಆಚೆಯ ಭಾಗದಲ್ಲಿ ತುಕ್ಕು, ಕಸರು. ಪೂರ್ತಿ ಒತ್ತಿದರೆ ರಬ್ಬರಿನ ಅಂಚು ಅಲ್ಲಿ ತರಿದುಹೋಗುತ್ತದೆ. ರಿಪೇರಿಯೆಂದು ನಾವು ಮಾಡಿದ್ದೇ ಬ್ರೇಕನ್ನು ಕೊಂದಿತ್ತು. ನಾಲ್ಕು ಚಕ್ರಕ್ಕೂ ಒಂದೇ ಒತ್ತಡದ ಜಾಲವಿದ್ದ ಆ ಕಾರಿನಲ್ಲಿ ಅದೊಂದು ಬಟ್ಟಲು ಹೋದರೆ ಉಳಿಯುವುದು ಕೈಬ್ರೇಕು ಮಾತ್ರ.

ಅವರು ಸಿಲಿಂಡರನ್ನು ಬಿಚ್ಚಿ ಒಳಗೆ ಬೆರಳಾಡಿಸಿ, ಗುಳಿ ಬಿದ್ದಿದೆಯೆಂದು ಇಡೀ ಸಿಲಿಂಡರನ್ನೇ ಬದಲಿಸಿದರು. ಲೈನರುಗಳ ಅಂತರವನ್ನು ಮೊದಲು ಸರಿಪಡಿಸಿದರು. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು, ತೀರ ದೂರದ ಹಿಂದಿನ ಎಡಚಕ್ರದಿಂದ ಆರಂಭಿಸಿ ಗಾಳಿ ತೆಗೆದರು. ಪ್ರತಿ ಸಲವೂ ನಿಪ್ಪಲ್ ಬಿಗಿಯಾದ ಮೇಲೆಯೇ ಪೆಡಲು ಬಿಡಬೇಕೆಂದು ನಮಗೆ ತಾಕೀತು. ಕೊನೆಗೆ ನಮ್ಮನ್ನೇ ಕೂರಿಸಿ, ಪೆಡಲು ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಲು ಹೇಳಿದರು. ನಾವು ಕನ್ನಡದಲ್ಲಿ ಎಣಿಸಿದೆವು, ಅವರ ಹುಡುಗ ನಕ್ಕ. ಪೆಡಲು ಇದ್ದಲ್ಲಿಯೇ ಇತ್ತು.