ನಿಮ್ಮ ಕನ್ನಡ ಫೈಲ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಯಾಕೆ ಓದಲಾಗುವುದಿಲ್ಲ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ನಕ್ಷೆಯಲ್ಲಿ ಈ ಮೂರೂ ಸೇರಿದರೆ ಒಂದು ತ್ರಿಕೋನ. ಸಿದ್ದಕಟ್ಟೆ, ವೇಣೂರು ಕಡೆಯ ಮಕ್ಕಳು ಈ ಮೂರರಲ್ಲಿ ಯಾವ ಪೇಟೆಯ ಕಾಲೇಜಿಗೂ ಹೋಗಬಹುದು, ಬಸ್ ಸಿಕ್ಕಿದರೆ. ಕೆಲವು ವರ್ಷದ ಹಿಂದೆ ಸಂಜೆಯ ಬಸ್ಸಿಗಾಗಿ ಮೂರೂ ಕಡೆಯ ಗೆಳೆಯರು ಸೇರಿ ಒಂದು ಜಂಟಿ ಮನವಿ ಬರೆದೆವು. ಕರಡು ಟೈಪ್ ಆಗಿದ್ದು ಬಿ.ಸಿ.ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ. ಫೈಲ್ ವಾಟ್ಸಾಪಿನಲ್ಲಿ ಬೆಳ್ತಂಗಡಿಗೆ ಹೋಯಿತು. ಅಲ್ಲಿಂದ ಗೆಳತಿ ಫೋನ್ ಮಾಡಿದಳು: “ಎಂತ ಮಾರಾಯ ಇದು, ಫ್ರೆಂಚಾ?” ಮೂಡುಬಿದಿರೆಯವನ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಅದೇ ಕತೆ.

ಮರುದಿನ ಬೆಳಿಗ್ಗೆ ಮನವಿ ಕೊಡಬೇಕಿತ್ತು. ಪ್ರಿಂಟಿನ ಫೋಟೊ ನೋಡಿಕೊಂಡು ರಾತ್ರಿಯಿಡೀ ಮತ್ತೆ ಟೈಪ್ ಮಾಡಿದೆವು. ಅವಸರದಲ್ಲಿ ಎರಡು ಊರಿನ ಹೆಸರು ಬಿಟ್ಟುಹೋಯಿತು. ಆ ಊರಿನ ಮಕ್ಕಳು “ನಮ್ಮ ಹೆಸರೆಲ್ಲಿ?” ಅಂತ ಕೇಳಿದಾಗ “ಫಾಂಟ್ ಪ್ರಾಬ್ಲಂ” ಅನ್ನುವುದು ಬಿಟ್ಟು ನಮ್ಮಲ್ಲಿ ಉತ್ತರ ಇರಲಿಲ್ಲ.

ಅದು ಫಾಂಟ್ ಪ್ರಾಬ್ಲಂ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಫೈಲಿನೊಳಗೆ ಕನ್ನಡವೇ ಇರಲಿಲ್ಲ.

ಫೈಲಿನೊಳಗೆ ಏನಿರುತ್ತದೆ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ ಅನ್ನುವ ಒಪ್ಪಂದಕ್ಕೆ ಸಂಕೇತ ಪದ್ಧತಿ ಅಂತ ಹೆಸರು. ಹಳೆಯ ಪದ್ಧತಿಯಲ್ಲಿ ಇದ್ದದ್ದು 256 ಸ್ಥಾನ, ಅದೂ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳಿಗೆ. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ನಾವು ‘ಆಸ್ಕಿ ಫಾಂಟ್’ ಅಂತ ಕರೆಯುವುದು ಇದನ್ನೇ.

ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಬರೆದರೆ ಫೈಲಿನಲ್ಲಿ ಉಳಿಯುವುದು 80 ಮತ್ತು 192 ಅನ್ನುವ ಎರಡು ಸಂಖ್ಯೆ. ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆ ಮೇಲೆ ಗೀಟಿರುವ ‘ಎ’. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇವೆರಡು ಸೇರಿ ‘ಕ’ದ ಹಾಗೆ ಕಾಣುತ್ತವೆ. ಇಲ್ಲದ ಕಡೆ ಪಿ, ಎ ಅಂತಲೇ ಕಾಣುತ್ತವೆ. ನನ್ನ ಗೆಳತಿಗೆ ಕಂಡ ಫ್ರೆಂಚ್ ಇದೇ.

ಯೂನಿಕೋಡಿನಲ್ಲಿ ಹಾಗಲ್ಲ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. 3200ರಿಂದ 3327ರವರೆಗಿನ 128 ಸ್ಥಾನ ಕನ್ನಡದ್ದು. ‘ಕ’ ಅಂದರೆ 3221. ವಿಂಡೋಸ್, ಲಿನಕ್ಸ್, ಮ್ಯಾಕ್, ಮೊಬೈಲ್, ಎಲ್ಲದರಲ್ಲೂ ಆ ಸಂಖ್ಯೆ ‘ಕ’ ಮಾತ್ರ. ಫಾಂಟ್ ಬದಲಾದರೆ ರೂಪ ಬದಲಾಗಬಹುದು, ಅಕ್ಷರ ಬದಲಾಗುವುದಿಲ್ಲ.

ಇದು ನಮ್ಮೂರಿಗೆ ಹೊಸತಲ್ಲ

ಮೂಡುಬಿದಿರೆಯ ಬಸದಿಯಲ್ಲಿದ್ದ ಧವಲಾ ತಾಳೆಗರಿಗಳನ್ನು ನೆನಪಿಸಿಕೊಳ್ಳಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಅದನ್ನು ದೇವನಾಗರಿಗೆ ಪ್ರತಿ ಮಾಡಿದ್ದರಿಂದಲೇ ಹೀರಾಲಾಲ್ ಜೈನ್ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಗಿನವರ ಕೈಗೆ ಸಿಕ್ಕಿತು. ಲಿಪಿ ಬದಲಾದರೂ ಪಠ್ಯ ಉಳಿಯಿತು, ಯಾಕೆಂದರೆ ಯಾವ ಅಕ್ಷರ ಯಾವುದು ಅಂತ ಪ್ರತಿಕಾರರಿಗೆ ಗೊತ್ತಿತ್ತು. ಆಸ್ಕಿ ಫೈಲಿನಲ್ಲಿ ಈ ಗುರುತೇ ಇಲ್ಲ.

ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಣೆಗೆ ತಕ್ಕಂತೆ ಟೈಪ್ ಮಾಡುವ ಕೀಲಿಮಣೆ ವಿನ್ಯಾಸ ಕೊಟ್ಟರು. ‘ಸೇಡಿಯಾಪು’ ತಂತ್ರಾಂಶವೂ ಅವರದ್ದೇ. ಸರ್ಕಾರ ಒಪ್ಪಿದ, ನುಡಿಯಲ್ಲಿ ಬಳಕೆಯಾಗುವ ಕೀಲಿಮಣೆ ವಿನ್ಯಾಸದ ಬೇರು ಅದರಲ್ಲಿದೆ. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕನ್ನಡ ಕಂಪ್ಯೂಟರಿಗೆ ಬಂದಿದ್ದೇ ಇವುಗಳಿಂದ, ಆ ಋಣ ಮರೆಯುವಂಥದ್ದಲ್ಲ. ಇವತ್ತು ಇವುಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಸಮಸ್ಯೆ ತಂತ್ರಾಂಶದ್ದಲ್ಲ, ಆ ಆಯ್ಕೆ ಒತ್ತದ ಅಭ್ಯಾಸದ್ದು.

ಅಭ್ಯಾಸಕ್ಕೂ ಕಾರಣ ಇದೆ. ಮದುವೆ ಕಾಗದ, ಜಾತ್ರೆಯ ಹ್ಯಾಂಡ್‌ಬಿಲ್ ಮಾಡುವ ಅಂಗಡಿಗಳು ಎಷ್ಟೋ ಕಾಲ ನಂಬಿಕೊಂಡಿದ್ದು ಪೇಜ್‌ಮೇಕರನ್ನು. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ, ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ಕೈಗೆ ಕೂತ ಕೆಲಸ ಬಿಡಿ ಅಂತ ಅಂಗಡಿಯವರಿಗೆ ಬೈದು ಪ್ರಯೋಜನ ಇಲ್ಲ. ಟೈಪ್ ಮಾಡಿಸುವ ನಾವೇ ಮೊದಲು ಕೇಳಬೇಕು.

“ಪಿಡಿಎಫ್ ಮಾಡಿದರೆ ಸಾಕಲ್ವಾ?”

ಸಾಲದು. ಪಿಡಿಎಫ್ ಒಳಗೆ ಫಾಂಟನ್ನೂ ಸೇರಿಸಿಡಬಹುದು, ಹಾಗಾಗಿ ನೋಡಲು ಎಲ್ಲ ಕಡೆ ಸರಿಯಾಗಿರುತ್ತದೆ. ಆದರೆ ಆಸ್ಕಿಯಲ್ಲಿ ಟೈಪ್ ಮಾಡಿದ್ದಾದರೆ ಒಳಗಿರುವುದು ಅದೇ ಪಿ, ಎ. ನಿಮ್ಮೂರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಕಾಪಿ ಮಾಡಿದರೆ ಕಸ ಬರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಫೋಟೊ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಕಣ್ಣು ಕಾಣದವರಿಗೆ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆಸ್ಕಿ ಫೈಲ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸುತ್ತದೆ. ಒಂದು ಸುತ್ತೋಲೆ ಕನ್ನಡದಲ್ಲಿ ಕಂಡರೂ ಕನ್ನಡಿಗರೊಬ್ಬರಿಗೆ ಓದಲಾಗದಿದ್ದರೆ ಅದು ಪ್ರಕಟವಾಗಿದೆ ಅನ್ನುವುದು ಹೇಗೆ?

ಗುರುತಿಸುವುದು ಹೇಗೆ?

ಮೂರು ಸುಲಭ ಪರೀಕ್ಷೆ. ಒಂದು, ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ. ಎರಡು, ಕಂಟ್ರೋಲ್ ಎಫ್ ಒತ್ತಿ ಅದರಲ್ಲಿರುವ ಯಾವುದಾದರೂ ಪದ ಕನ್ನಡದಲ್ಲಿ ಹುಡುಕಿ. ಮೂರು, ವರ್ಡಿನಲ್ಲಿ ಪಠ್ಯವನ್ನೆಲ್ಲ ಆಯ್ದು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಆಗಲೂ ಕನ್ನಡವಾಗಿಯೇ ಉಳಿದರೆ ಯೂನಿಕೋಡ್.

ಹಳೆಯ ಫೈಲನ್ನು ಬದಲಿಸುವುದು

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ನುಡಿ ಮತ್ತು ಬರಹದ ಜೊತೆಗೂ ಬರುತ್ತವೆ. ಆದರೆ ಕಣ್ಣುಮುಚ್ಚಿ ನಂಬಬೇಡಿ.

ಮೊದಲು ಮೂಲ ಫೈಲಿನ ಒಂದು ಪ್ರತಿ ಎತ್ತಿಡಿ. ಇಂಗ್ಲಿಷ್ ಪದಗಳಿದ್ದರೆ ಅವನ್ನು ಬಿಟ್ಟು ಕನ್ನಡ ಭಾಗ ಮಾತ್ರ ಬದಲಿಸಿ, ಯಾಕೆಂದರೆ ಪರಿವರ್ತಕಕ್ಕೆ ನಿಜವಾದ ಇಂಗ್ಲಿಷ್ ‘ಪಿ’ಗೂ ಕನ್ನಡದ ವೇಷದ ‘ಪಿ’ಗೂ ವ್ಯತ್ಯಾಸ ಗೊತ್ತಾಗದು. ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಮತ್ತೆ ಓದಿ. ಹೆಸರು, ಸರ್ವೆ ನಂಬರ್, ಮೊತ್ತ, ತಾರೀಕು, ಇವನ್ನು ಒಂದೊಂದಾಗಿ ತಾಳೆ ನೋಡಿ. ನಾವು ಎರಡು ಊರು ಬಿಟ್ಟಿದ್ದೆವು. ಜಮೀನಿನ ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೂ ಕಷ್ಟ.

ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್

ಇದು ಎರಡನೇ ಮೆಟ್ಟಿಲು. ಯೂನಿಕೋಡ್ ಇದ್ದರೆ ಅಕ್ಷರ ಉಳಿಯುತ್ತದೆ, ಪುಟದ ರೂಪ ಉಳಿಯುತ್ತದೆ ಅಂತಿಲ್ಲ. ವರ್ಡಿನ ಹಳೆಯ ಡಾಕ್ ಫೈಲಿನ ಒಳರಚನೆ ಹೊರಗಿನವರಿಗೆ ಅರ್ಥವಾಗುವುದೇ ಕಷ್ಟವಿತ್ತು. 2007ರಿಂದ ಬಂದ ಡಾಕ್ಸ್‌ಎಕ್ಸ್ ಅಂದರೆ ಎಕ್ಸ್‌ಎಂಎಲ್ ಕಡತಗಳ ಒಂದು ಜಿಪ್ ಗಂಟು. ಲಿಬ್ರೆಆಫೀಸ್ ಬಳಸುವ ಓಡಿಟಿ 2006ರಲ್ಲೇ ಐಎಸ್‌ಒ ಮಾನಕವಾದ ಓಡಿಎಫ್ ಕುಟುಂಬದ್ದು. ಡಾಕ್ಸ್‌ಎಕ್ಸ್‌ನ ಹಿಂದಿರುವ ಓಓಎಕ್ಸ್‌ಎಂಎಲ್ 2008ರಲ್ಲಿ ಮಾನಕವಾಯಿತು. ಆ ಮತದಾನದಲ್ಲಿ ಭಾರತ ಅದರ ವಿರುದ್ಧ ಮತ ಹಾಕಿತ್ತು. ಆಡಳಿತದ ಕಡತ ಒಂದು ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳಬಾರದು ಅನ್ನುವ ವಾದದ ಮುಂದುವರಿಕೆಯಾಗಿ 2010ರಲ್ಲಿ ಕೇಂದ್ರದ ಮುಕ್ತ ಮಾನಕ ನೀತಿಯೂ ಬಂತು.

ದಿನನಿತ್ಯಕ್ಕೆ ಇಷ್ಟು ಸಾಕು. ತಿದ್ದಬೇಕಾದ ಫೈಲನ್ನು ಓಡಿಟಿ ಅಥವಾ ಡಾಕ್ಸ್‌ಎಕ್ಸ್‌ನಲ್ಲಿ ಕಳಿಸಿ, ಜೊತೆಗೆ ನೋಡಲು ಪಿಡಿಎಫ್ ಇಡಿ. ವಿಂಡೋಸಿನಲ್ಲಿ ತುಂಗಾ, ನಿರ್ಮಲಾ, ಮ್ಯಾಕಿನಲ್ಲಿ ಕನ್ನಡ ಸಂಗಮ್, ಆಂಡ್ರಾಯ್ಡಿನಲ್ಲಿ ನೋಟೊ, ಹೀಗೆ ಒಂದೊಂದರ ಫಾಂಟ್ ಬೇರೆ, ಅಳತೆ ಬೇರೆ. ಎಲ್ಲರಿಗೂ ಒಂದೇ ರೂಪ ಬೇಕಿದ್ದರೆ ಉಚಿತವಾಗಿ ಸಿಗುವ ನೋಟೊ ಹಾಕಿಕೊಳ್ಳಿ. ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸಬೇಡಿ, ಟೇಬಲ್ ಬಳಸಿ. ಪುಟಸಂಖ್ಯೆ ನಂಬಿ “3ನೇ ಪುಟ ನೋಡಿ” ಅನ್ನುವ ಬದಲು ಪ್ಯಾರಾಗಳಿಗೆ ನಂಬರ್ ಕೊಡಿ.

ಇದರಲ್ಲಿ ರಾಜಕೀಯ ಎಂತದ್ದು?

ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 2(ಜೆ) ಪ್ರಕಾರ, ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿ ಪಡೆಯುವುದೂ ನಮ್ಮ ಹಕ್ಕು. ಸೆಕ್ಷನ್ 4(4) ಸ್ಥಳೀಯ ಭಾಷೆಯನ್ನೂ ಪರಿಗಣಿಸಿ ಮಾಹಿತಿ ಪ್ರಚುರಪಡಿಸಬೇಕು ಅನ್ನುತ್ತದೆ. ನೂರಾರು ಪುಟದ ಫಲಾನುಭವಿಗಳ ಪಟ್ಟಿ ಆಸ್ಕಿಯಲ್ಲೋ ಸ್ಕ್ಯಾನ್ ರೂಪದಲ್ಲೋ ಸಿಕ್ಕಿದರೆ, ಕೊಟ್ಟಂತೆಯೂ ಆಯಿತು, ಹುಡುಕಲು ಆಗದಂತೆಯೂ ಆಯಿತು. ಒಂದೇ ಹೆಸರು ಎರಡು ಕಡೆ ಇದೆಯಾ ಅಂತ ನೋಡಲು ಯೂನಿಕೋಡಿನಲ್ಲಿ ಒಂದು ನಿಮಿಷ ಸಾಕು. ಸ್ಕ್ಯಾನಿನಲ್ಲಿ ಒಂದು ವಾರ ಬೇಕು.

ಹಾಗಾಗಿ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: “ಮಾಹಿತಿ ಕಂಪ್ಯೂಟರಿನಲ್ಲಿದ್ದರೆ, ಸ್ಕ್ಯಾನ್ ಮಾಡದೆ, ಯೂನಿಕೋಡ್ ಕನ್ನಡದ ಮೂಲ ಫೈಲ್ ರೂಪದಲ್ಲೇ ಕೊಡಿ.” ಮೂಲ ಫೈಲ್ ಆಸ್ಕಿಯಲ್ಲೇ ಇದ್ದರೆ ಅದನ್ನಾದರೂ ಪಡೆದುಕೊಳ್ಳಿ, ಪರಿವರ್ತಿಸಬಹುದು. ಗ್ರಾಮಸಭೆಯಲ್ಲಿ ಸಭೆಯ ನಡಾವಳಿಯನ್ನು ಯೂನಿಕೋಡಿನಲ್ಲಿ ಹಂಚಿ ಅಂತ ಕೇಳಿ.

2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ. ತುಳುವಿನಲ್ಲಿ ಪೋಸ್ಟರ್, ಪುಸ್ತಕ ಮಾಡುವ ನಮ್ಮ ತಲೆಮಾರಿನವರಿಗೆ ಕನ್ನಡ ಮಾಡಿದ ತಪ್ಪನ್ನು ಮತ್ತೆ ಮಾಡದಿರುವ ಅವಕಾಶ ಇದು.

ನಮ್ಮ ಆ ಬಸ್ ಮನವಿಯ ಹಳೆ ಫೈಲ್ ಈಗಲೂ ನನ್ನ ಪೆನ್‌ಡ್ರೈವಿನಲ್ಲಿದೆ. ಮೊನ್ನೆ ಅದನ್ನು ಯೂನಿಕೋಡಿಗೆ ಬದಲಿಸಿದೆ. ಎರಡೂ ಊರಿನ ಹೆಸರು ಅದರಲ್ಲಿ ಸರಿಯಾಗಿಯೇ ಇದ್ದವು.