ಕುಕ್ಕನ ಪ್ರದರ್ಶನದಲ್ಲಿ ಒಂದು ಚಿತ್ರ

ನೌಕಾಯಾತ್ರಿಕರಲ್ಲಿ ಅಗ್ರಗಣ್ಯನೆನಿಸಿದ ಜೇಮ್ಸ್ ಕುಕ್ಕನು ತನ್ನ ಮೊದಲನೆಯ ಮಹಾಯಾನಕ್ಕೆ ಹೊರಟು ಇನ್ನೂರೈವತ್ತು ವರ್ಷಗಳು ತುಂಬಿದ ೨೦೧೮ನೆಯ ಇಸವಿಯಲ್ಲಿ, ಲಂಡನ್ ನಗರದ ಬ್ರಿಟಿಷ್ ಲೈಬ್ರರಿಯವರು ಅವನ ಮೂರು ಯಾನಗಳನ್ನು ಕುರಿತು ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಕುಕ್ಕನ ಸ್ವಹಸ್ತದ ದಿನಚರಿಗಳೂ ನಕ್ಷೆಗಳೂ ಅಲ್ಲಿದ್ದವು. ಅವುಗಳ ಹಿರಿಮೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಅಲ್ಲಿದ್ದ ಒಂದು ಸಣ್ಣ ವರ್ಣಚಿತ್ರದ ಸಂಗತಿ.

ಚಿತ್ರದಲ್ಲಿ ಇಬ್ಬರೇ ಇದ್ದಾರೆ. ನ್ಯೂಜೀಲೆಂಡಿನ ಮಾವೋರಿಯೊಬ್ಬನು ದೊಡ್ಡದೊಂದು ಕಡಲ ಸಿಗಡಿಯನ್ನು ಹಿಡಿದಿದ್ದಾನೆ. ಎದುರಿನ ಇಂಗ್ಲಿಷನು ಬಿಳಿಯ ಬಟ್ಟೆಯ ತುಂಡನ್ನು ಮುಂದೊಡ್ಡಿದ್ದಾನೆ. ಸರಕು ಕೈಸೇರುವವರೆಗೆ ಬೆಲೆಯನ್ನು ಬಿಡಲೊಲ್ಲದ ಆ ಎಚ್ಚರಿಕೆ ನಮ್ಮ ಸಂತೆಗಳನ್ನು ಕಂಡವರಿಗೆ ಹೊಸದಲ್ಲ. ಇದನ್ನು ಬರೆದವನಾರೆಂಬುದು ಬಹುಕಾಲ ತಿಳಿದಿರಲಿಲ್ಲ. ಹಡಗಿನಲ್ಲಿದ್ದ ಆಂಗ್ಲರಲ್ಲಿ ಯಾರೋ ಒಬ್ಬನಿರಬೇಕೆಂದು ಎಣಿಸಿದವರುಂಟು. ಕುಕ್ಕನೊಡನೆ ಹೋಗಿದ್ದ ಸಿರಿವಂತ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನು ೧೮೧೨ರಲ್ಲಿ ಬರೆದಿದ್ದ ಪತ್ರವೊಂದು ೧೯೯೭ರಲ್ಲಿ ಬೆಳಕಿಗೆ ಬಂದಾಗ ಸಂಶಯವು ಪರಿಹಾರವಾಯಿತು. ಚಿತ್ರದಲ್ಲಿರುವವನು ಸ್ವತಃ ಬ್ಯಾಂಕ್ಸನು; ಬರೆದವನು ತೂಪಾಯಾ.

ತೂಪಾಯಾ ಶಾಂತಸಾಗರದ ರಾಯಟೇಯಾ ದ್ವೀಪದವನು. ಪುರೋಹಿತನು, ನೌಕಾವಿದ್ಯೆಯಲ್ಲಿ ನಿಷ್ಣಾತನು. ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯ್ದು ಹೋಗುವುದನ್ನು ನೋಡಲೆಂದು ಟಾಹೀಟಿಗೆ ಬಂದಿದ್ದ ‘ಎಂಡೆವರ್’ ಹಡಗನ್ನು ಅವನು ೧೭೬೯ನೆಯ ಜುಲೈ ತಿಂಗಳಲ್ಲಿ ಏರಿದನು. ಕುಕ್ಕನಿಗೆ ಮೊದಲು ಮನಸ್ಸಿರಲಿಲ್ಲ. ಬ್ಯಾಂಕ್ಸನೇ ಹೊಣೆ ಹೊತ್ತನು. ನೆರೆಯವರು ಸಿಂಹಗಳನ್ನೂ ಹುಲಿಗಳನ್ನೂ ಸಾಕಿಕೊಳ್ಳುವಂತೆ ತಾನು ಈತನನ್ನು ಇಟ್ಟುಕೊಳ್ಳಬಹುದಲ್ಲವೇ ಎಂಬರ್ಥದ ಮಾತನ್ನು ಬ್ಯಾಂಕ್ಸನು ಆಗ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ವಿನೋದಕ್ಕೆ ಬರೆದಿರಬಹುದು, ಆದರೂ ಓದುವಾಗ ಮನಸ್ಸು ಮುದುಡುತ್ತದೆ. ಹೀಗೆ ನೋಟದ ವಸ್ತುವಾಗಬೇಕಾಗಿದ್ದವನು ತಾನೇ ಕುಂಚವನ್ನು ಹಿಡಿದು ಬ್ಯಾಂಕ್ಸನನ್ನು ನೋಡಿ ಬರೆದನು!

ಅವನ ಉಪಕಾರವು ಚಿತ್ರಗಳಿಗೇ ಮುಗಿಯಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ದ್ವೀಪಗಳನ್ನು ಗುರುತಿಸಿದ ಒಂದು ನಕ್ಷೆ ಅವನ ತಿಳಿವಳಿಕೆಯಿಂದಲೇ ಸಿದ್ಧವಾಯಿತು. ಟಾಹೀಟಿಯ ನುಡಿಗೂ ಮಾವೋರಿ ನುಡಿಗೂ ಹತ್ತಿರದ ನಂಟಿದ್ದುದರಿಂದ, ನ್ಯೂಜೀಲೆಂಡಿನಲ್ಲಿ ಕುಕ್ಕನ ಪರವಾಗಿ ಮಾತನಾಡಿದವನೂ ಅವನೇ. ಆ ಹಡಗಿನ ಒಡೆಯನು ತೂಪಾಯನೆಂದೇ ಎಷ್ಟೋ ಮಾವೋರಿಗಳು ಭಾವಿಸಿದ್ದರಂತೆ.

ಅವನು ಇಂಗ್ಲೆಂಡನ್ನು ಕಾಣಲಿಲ್ಲ. ೧೭೭೦ರ ಕೊನೆಯಲ್ಲಿ ಬಟೇವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಅವನ ಸೇವಕಬಾಲಕನಾದ ತಾಯಿಯಾಟನು ರೋಗದಿಂದ ತೀರಿಕೊಂಡನು. ಅವನ ಹಿಂದೆಯೇ ತೂಪಾಯನೂ ಹೋದನು. ಎರಡನೆಯ ಯಾನದಲ್ಲಿ, ೧೭೭೩ರಲ್ಲಿ, ಕುಕ್ಕನು ನ್ಯೂಜೀಲೆಂಡಿಗೆ ಮರಳಿದಾಗ ದಡದ ಜನರು ತೂಪಾಯನು ಎಲ್ಲಿ ಎಂದು ವಿಚಾರಿಸಿದರು. ಸತ್ತನೆಂದು ಕೇಳಿ ದುಃಖಿಸಿದರು.